ದೊಡ್ಡ ಸ್ಟ್ರೇಟ್ ಪೂಲ್ ಟೂರ್ನಿ: ಕಣಕ್ಕೆ ಯಾರು ಇಳಿಯುತ್ತಾರೆ ಅಂತ ಮೊದಲೇ ಅಂದಾಜು ಮಾಡುವುದು ಹೇಗೆ?

ಸ್ಟ್ರೇಟ್ ಪೂಲ್ ಅಂದರೆ ಬಿಲಿಯರ್ಡ್ಸ್ ಜಾತಿಯ ಒಂದು ಟೇಬಲ್ ಆಟ. ಅದರ ಟೂರ್ನಿಯ ದಿನಾಂಕ ಹೊರಬಿದ್ದ ಕೂಡಲೇ ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ. ಈ ಸಲ ಯಾರ್ಯಾರು ಬರ್ತಾರೆ? ನೋಡುವವರಿಗೆ ಯಾವ ದಿನದ ಟಿಕೆಟ್ ತಗೊಳ್ಳಬೇಕು ಅನ್ನುವ ಚಿಂತೆ. ಆಡುವವರಿಗೆ ಎಂಟ್ರಿ ಫೀ ಕಟ್ಟಿದರೆ ಗಿಟ್ಟುತ್ತದಾ ಅನ್ನುವ ಲೆಕ್ಕ. ವೀಕ್ಷಕ ವಿವರಣೆ ಮಾಡುವವರಿಗೆ ಮುಂಚೆಯೇ ಓದಿಕೊಳ್ಳುವ ಕೆಲಸ.

ಬಹಳ ಜನ ಇದಕ್ಕೆ ಸುಲಭದ ದಾರಿ ಹಿಡಿಯುತ್ತಾರೆ. ನೈನ್‌ಬಾಲ್ ರ‍್ಯಾಂಕಿಂಗ್ ತೆರೆದು ಮೇಲಿನ ಮೂವತ್ತು ಹೆಸರು ಬರೆದುಕೊಂಡು ಸುಮ್ಮನಾಗುತ್ತಾರೆ. ಸ್ಟ್ರೇಟ್ ಪೂಲ್‌ಗೆ ಇದು ನಡೆಯಲ್ಲ, ನೈನ್‌ಬಾಲ್ ಪೂಲ್‌ನಲ್ಲೇ ಬೇರೆ ಆಟ. ಇಲ್ಲಿ ಎರಡು ಪಟ್ಟಿ ಬೇಕು. ಒಂದು, ಬರುವವರ ಪಟ್ಟಿ. ಇನ್ನೊಂದು, ಬಂದರೆ ಗೆಲ್ಲಬಲ್ಲವರ ಪಟ್ಟಿ. ಎರಡನ್ನೂ ಬೇರೆ ಬೇರೆಯಾಗಿ ಮಾಡಿ, ಆಮೇಲೆ ಜೋಡಿಸಬೇಕು. ಒಂದರ ಕೆಲಸವನ್ನು ಇನ್ನೊಂದರಿಂದ ಮಾಡಿಸಲು ಹೋದರೆ ಅಂದಾಜು ಕೆಡುತ್ತದೆ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಸ್ಟ್ರೇಟ್ ಪೂಲ್‌ಗೆ 14.1 ಅಂತಲೂ ಹೆಸರು. ಟೇಬಲ್ ಮೇಲೆ 15 ಬಾಲ್. ಯಾವ ಬಾಲನ್ನಾದರೂ ಹಾಕಬಹುದು, ಆದರೆ ಯಾವ ಬಾಲ್ ಯಾವ ಪಾಕೆಟ್‌ಗೆ ಅಂತ ಮೊದಲೇ ಹೇಳಬೇಕು. ಒಂದು ಬಾಲ್‌ಗೆ ಒಂದು ಅಂಕ. 14 ಬಾಲ್ ಖಾಲಿಯಾದ ಮೇಲೆ ಕೊನೆಯದನ್ನು ಇದ್ದಲ್ಲೇ ಬಿಟ್ಟು, ಉಳಿದ 14ನ್ನು ಮತ್ತೆ ರ‍್ಯಾಕ್‌ನಲ್ಲಿ ಜೋಡಿಸುತ್ತಾರೆ. ತ್ರಿಕೋನದ ತುದಿಯ ಜಾಗ ಮಾತ್ರ ಖಾಲಿ. ಆಟಗಾರ ಆ ಒಂಟಿ ಬಾಲನ್ನು ಪಾಕೆಟ್‌ಗೆ ಹಾಕುತ್ತಲೇ, ಅದೇ ಹೊಡೆತದಲ್ಲಿ, ಕ್ಯೂ ಅನ್ನುವ ಕೋಲಿನಿಂದ ಹೊಡೆಯುವ ಬಿಳಿ ಕ್ಯೂ ಬಾಲ್‌ನಿಂದ ರ‍್ಯಾಕನ್ನೂ ಒಡೆಯಬೇಕು. ಇದೇ ಬ್ರೇಕ್ ಬಾಲ್. ತಪ್ಪುವ ತನಕ ಆಡುತ್ತಲೇ ಇರಬಹುದು. ಹೀಗೆ ಒಂದೇ ಸರದಿಯಲ್ಲಿ ಸತತವಾಗಿ ಹಾಕಿದ ಬಾಲ್‌ಗಳ ಲೆಕ್ಕವೇ ರನ್, ಅತಿ ದೊಡ್ಡದು ಹೈ ರನ್. ಎದುರಾಳಿ ಕುರ್ಚಿಯಲ್ಲಿ ಕೂತು ನೋಡಬೇಕು, ಅಷ್ಟೇ.

ಹಂತ 1: ಇದು ಯಾವ ಬಗೆಯ ಟೂರ್ನಿ ಅಂತ ಗುರುತಿಸಿ

ಹೆಸರುಗಳಿಗೆ ಕೈ ಹಾಕುವ ಮೊದಲು ಪ್ರವೇಶದ ನಿಯಮ ಓದಿ. ಬಾಗಿಲು ಯಾರಿಗೆ ತೆರೆದಿದೆ ಅನ್ನುವುದೇ ಅರ್ಧ ಉತ್ತರ.

ಮೊದಲನೆಯದು ಓಪನ್ ಟೂರ್ನಿ. ದುಡ್ಡು ಕಟ್ಟಿದ ಯಾರು ಬೇಕಾದರೂ ಬರಬಹುದು. ಇದರಲ್ಲಿ ಕಣ ಸಾಮಾನ್ಯವಾಗಿ ನಡುವೆ ಸೊರಗಿರುತ್ತದೆ. ಮೇಲೆ ಹತ್ತು ಹದಿನೈದು ಘಟಾನುಘಟಿಗಳು, ಕೆಳಗೆ ಈ ಆಟವನ್ನು ಪ್ರೀತಿಸುವ ಹವ್ಯಾಸಿಗಳ ದೊಡ್ಡ ಗುಂಪು. ನಡುವಿನ ದರ್ಜೆಯ ವೃತ್ತಿಪರರು ಕಡಿಮೆ. ಗೆಲ್ಲುವ ಭರವಸೆ ಇಲ್ಲ, ಸುಮ್ನೆ ಖುಷಿಗೆ ಅಂತ ಖರ್ಚು ಮಾಡುವ ಸ್ಥಿತಿಯೂ ಅವರದ್ದಲ್ಲ.

ಎರಡನೆಯದು ಆಹ್ವಾನದ ಟೂರ್ನಿ. ಇಲ್ಲಿ ಆಟಗಾರರ ಮನಸ್ಸಿಗಿಂತ ಸಂಘಟಕರ ಮನಸ್ಸು ಓದಬೇಕು. ಹಿಂದಿನ ಚಾಂಪಿಯನ್‌ಗಳು, ದೊಡ್ಡ ರನ್ ಮಾಡಿ ಸುದ್ದಿಯಲ್ಲಿರುವವರು, ಟಿಕೆಟ್ ಮಾರಿಸುವ ಹೆಸರುಗಳು ಮೊದಲು ಬರುತ್ತವೆ. ಉಳಿದ ಜಾಗ ಅರ್ಹತಾ ಸುತ್ತಿನಿಂದ ತುಂಬುತ್ತದೆ.

ಮೂರನೆಯದು ಫೆಡರೇಶನ್ ನಡೆಸುವ ಟೂರ್ನಿ. ಯುರೋಪಿಯನ್ ಚಾಂಪಿಯನ್‌ಶಿಪ್ ಒಳ್ಳೆಯ ಉದಾಹರಣೆ. ಅಲ್ಲಿ ಸ್ಟ್ರೇಟ್ ಪೂಲ್ ಇಂದಿಗೂ ಒಂದು ಪೂರ್ಣ ವಿಭಾಗ. ದೇಶಕ್ಕೆ ಇಷ್ಟು ಜನ ಅಂತ ಮಿತಿ ಇರುತ್ತದೆ. ಹಾಗಾಗಿ ಬಲಿಷ್ಠ ದೇಶದ ಐದನೇ ಆರನೇ ಆಟಗಾರ ಮನೆಯಲ್ಲಿ ಕೂರಬೇಕಾಗಬಹುದು, ದುರ್ಬಲ ದೇಶದ ಮೊದಲನೆಯವರು ಕಣದಲ್ಲಿರುತ್ತಾರೆ. ಇದನ್ನು ಅಂದಾಜು ಮಾಡುವುದು ಎಲ್ಲಕ್ಕಿಂತ ಸುಲಭ. ಆಯಾ ದೇಶದ ರಾಷ್ಟ್ರೀಯ ಫಲಿತಾಂಶ ನೋಡಿದರೆ ಮುಕ್ಕಾಲು ಪಾಲು ಪಟ್ಟಿ ಸಿಕ್ಕಿಬಿಡುತ್ತದೆ. ಇನ್ನೊಂದು ವಿಷಯ, ಅಲ್ಲಿಗೆ ಎಂಟು, ಒಂಬತ್ತು, ಹತ್ತು ಬಾಲ್ ಆಟಗಳಿಗೆ ಹೇಗಿದ್ದರೂ ಬರುವವರು ಸ್ಟ್ರೇಟ್ ಪೂಲನ್ನೂ ಆಡುತ್ತಾರೆ. ಪ್ರಯಾಣದ ಖರ್ಚು ಹಂಚಿಹೋಗುತ್ತದೆ ನೋಡಿ.

ನಾಲ್ಕನೆಯದು ದೊಡ್ಡ ಉತ್ಸವದೊಳಗಿನ ಹೈ ರನ್ ಸ್ಪರ್ಧೆ. ಜನವರಿ ಕೊನೆಯಲ್ಲಿ ಅಮೆರಿಕದಲ್ಲಿ ನಡೆಯುವ ಡರ್ಬಿ ಸಿಟಿ ಕ್ಲಾಸಿಕ್‌ನ 14.1 ಚಾಲೆಂಜ್ ಇಂಥದ್ದು. ಫೀ ಕಟ್ಟಿ ಕೆಲವು ಪ್ರಯತ್ನ ಮಾಡಬೇಕು. ಅತಿ ದೊಡ್ಡ ರನ್ ಮಾಡಿದ ಕೆಲವರು ಮಾತ್ರ ಎದುರುಬದುರು ಆಡುವ ಹಂತಕ್ಕೆ ಹೋಗುತ್ತಾರೆ. ಬ್ಯಾಂಕ್ ಪೂಲ್, ಒನ್ ಪಾಕೆಟ್, ನೈನ್‌ಬಾಲ್ ಅಂತ ಬಂದವರೆಲ್ಲ ಅಲ್ಲೇ ಓಡಾಡುತ್ತಿರುತ್ತಾರೆ. ಆದ್ದರಿಂದ ಪ್ರಶ್ನೆ ಯಾರು ಬರ್ತಾರೆ ಅಂತ ಅಲ್ಲ, ಬಂದವರಲ್ಲಿ ಯಾರಿಗೆ ಬಿಡುವು ಸಿಗುತ್ತದೆ ಅಂತ. ನೈನ್‌ಬಾಲ್‌ನಲ್ಲಿ ಬೇಗ ಸೋತವರು ಇಲ್ಲಿ ಜಾಸ್ತಿ ಸಲ ಪ್ರಯತ್ನಿಸುತ್ತಾರೆ.

ಹಂತ 2: ಹಳೆಯ ಫಲಿತಾಂಶಗಳಿಂದ ಬೇರು ಹುಡುಕಿ

ಈ ಆಟದ ಚರಿತ್ರೆ ಗೊತ್ತಿದ್ದರೆ ಇವತ್ತಿನ ಕಣ ಅರ್ಥವಾಗುತ್ತದೆ. ಜೆರೋಮ್ ಕಿಯೋ ಅವರು 1910ರ ಆಸುಪಾಸು ಇದನ್ನು ರೂಪಿಸಿದರು. 1912ರಿಂದ ಚಾಂಪಿಯನ್‌ಶಿಪ್ ಇದೇ ಆಟದಲ್ಲಿ ನಡೆಯತೊಡಗಿತು. ರಾಲ್ಫ್ ಗ್ರೀನ್‌ಲೀಫ್, ಆಮೇಲೆ 1941ರಿಂದ 1957ರ ನಡುವೆ 15 ಸಲ ವಿಶ್ವ ಪಟ್ಟ ಗೆದ್ದ ವಿಲ್ಲಿ ಮೊಸ್ಕೋನಿ, ಇವರ ಕಾಲದಲ್ಲಿ ಅಮೆರಿಕದಲ್ಲಿ ಪೂಲ್ ಚಾಂಪಿಯನ್ ಅಂದರೆ ಸ್ಟ್ರೇಟ್ ಪೂಲ್ ಚಾಂಪಿಯನ್ ಅಂತಲೇ. ಆಮೇಲೆ ನೈನ್‌ಬಾಲ್ ಬಂತು. ಟಿವಿಗೆ ಚುರುಕಾದ ಆಟ ಬೇಕಿತ್ತು. ದುಡ್ಡು ಆ ಕಡೆ ಹೋಯಿತು, ಆಟಗಾರರೂ ಹೋದರು.

ಇದರಿಂದ ಆದದ್ದೇನು? ಇವತ್ತು ಸ್ಟ್ರೇಟ್ ಪೂಲನ್ನೇ ನೆಚ್ಚಿ ಬದುಕುವವರು ಇಲ್ಲವೆನ್ನುವಷ್ಟು ಕಡಿಮೆ. ಎಲ್ಲರೂ ಬೇರೆ ಆಟದಿಂದ ಬಿಡುವು ಮಾಡಿಕೊಂಡು ಬರುವವರೇ. ಆದರೆ ಕೆಲವು ಕಡೆ ಈ ಆಟದ ಬೇರು ಒಣಗಿಲ್ಲ. ಅಮೆರಿಕದ ಈಶಾನ್ಯ ಭಾಗವನ್ನೇ ನೋಡಿ. ಮೊಸ್ಕೋನಿ ಫಿಲಡೆಲ್ಫಿಯಾದವರು, ಇನ್ನೊಬ್ಬ ಹಳೆಯ ಚಾಂಪಿಯನ್ ಇರ್ವಿಂಗ್ ಕ್ರೇನ್ ನ್ಯೂಯಾರ್ಕ್ ರಾಜ್ಯದವರು, 1970ರಿಂದ 1973ರ ತನಕ ಸತತ ನಾಲ್ಕು ಸಲ ಸ್ಟ್ರೇಟ್ ಪೂಲ್‌ನ ಯುಎಸ್ ಓಪನ್ ಗೆದ್ದ ಸ್ಟೀವ್ ಮಿಜೆರಾಕ್ ನ್ಯೂಜೆರ್ಸಿಯವರು. ಆ ಕಡೆಯ ಪೂಲ್ ಹಾಲ್‌ಗಳಲ್ಲಿ ಈ ಆಟ ಇನ್ನೂ ಉಳಿದಿದೆ. ಅಲ್ಲಿ ಟೂರ್ನಿ ನಡೆದರೆ ಸ್ಥಳೀಯ ಹವ್ಯಾಸಿಗಳೇ ಅರ್ಧ ಕಣ ತುಂಬುತ್ತಾರೆ.

ಇನ್ನೊಂದು ಬೇರು ಜರ್ಮನಿಯಲ್ಲಿದೆ. ಅಲ್ಲಿನ ಕ್ಲಬ್ ಲೀಗ್‌ಗಳಲ್ಲಿ ಈ ಆಟವೂ ಸೇರಿದ್ದರಿಂದ ಹುಡುಗರು ಚಿಕ್ಕಂದಿನಿಂದಲೇ ಇದನ್ನು ಕಲಿತು ಬರುತ್ತಾರೆ. ಇದರ ಫಲ ಪಟ್ಟಿಯಲ್ಲಿ ಕಾಣುತ್ತದೆ. 2006ರಿಂದ 2015ರ ತನಕದ ಹತ್ತು ವಿಶ್ವ 14.1 ಪ್ರಶಸ್ತಿಗಳನ್ನು ಲೆಕ್ಕ ಹಾಕಿ. ಥಾರ್ಸ್ಟನ್ ಹೋಮನ್ 2006, 2011, 2013ರಲ್ಲಿ ಗೆದ್ದರು. ಆಲಿವರ್ ಒರ್ಟ್‌ಮನ್ 2007, 2010ರಲ್ಲಿ. ಅಂದರೆ ಹತ್ತರಲ್ಲಿ ಐದು ಜರ್ಮನಿಗೆ. 2008 ನೆದರ್‌ಲ್ಯಾಂಡ್ಸ್‌ನ ನೀಲ್ಸ್ ಫೆಯ್ನ್, 2009 ಫ್ರಾನ್ಸಿನ ಸ್ಟೀಫನ್ ಕೊಹೆನ್, 2014 ಮತ್ತು 2015 ಇಂಗ್ಲೆಂಡಿನ ಡ್ಯಾರೆನ್ ಆಪಲ್ಟನ್. ಆಟ ಹುಟ್ಟಿದ ಅಮೆರಿಕಕ್ಕೆ ಸಿಕ್ಕಿದ್ದು ಒಂದೇ, 2012ರಲ್ಲಿ ಜಾನ್ ಶ್ಮಿಟ್ ಮೂಲಕ. ಅಮೆರಿಕದ ಟೂರ್ನಿ ಅಂದ ತಕ್ಷಣ ಅಮೆರಿಕದ ಹೆಸರುಗಳನ್ನೇ ಮೇಲೆ ಬರೆಯುವವರು ಈ ಸಾಲನ್ನು ಇನ್ನೊಮ್ಮೆ ಓದಲಿ.

ಕೆಲಸ ಹೀಗೆ ಮಾಡಿ. ನಿಮ್ಮ ಟೂರ್ನಿಯ ಹಿಂದಿನ ನಾಲ್ಕೈದು ವರ್ಷಗಳ ಪೂರ್ತಿ ಪಟ್ಟಿ ಹುಡುಕಿ. ಬರೀ ಫೈನಲ್ ಆಡಿದವರದ್ದಲ್ಲ, ಮೊದಲ ಸುತ್ತಲ್ಲೇ ಸೋತವರದ್ದೂ ಬೇಕು. ಯಾವ ಹೆಸರು ಮತ್ತೆ ಮತ್ತೆ ಬರುತ್ತದೆ ನೋಡಿ. ಸೋತರೂ ಪ್ರತಿ ವರ್ಷ ಬರುವವರಿದ್ದಾರಲ್ಲ, ಅವರೇ ನಿಮ್ಮ ಪಟ್ಟಿಯ ಗಟ್ಟಿ ತಳಪಾಯ. ಗೆದ್ದು ಒಂದೇ ಸಲ ಬಂದವರನ್ನು ಅಷ್ಟು ನಂಬಬೇಡಿ.

ಹಂತ 3: ಕ್ಯಾಲೆಂಡರ್ ಪಕ್ಕದಲ್ಲಿಟ್ಟುಕೊಳ್ಳಿ

ಅತಿ ಹೆಚ್ಚು ಅಂದಾಜುಗಳು ತಲೆಕೆಳಗಾಗುವುದು ಇಲ್ಲೇ. ಮ್ಯಾಚ್‌ರೂಮ್ ಸಂಸ್ಥೆ 2023ರಲ್ಲಿ ವರ್ಲ್ಡ್ ನೈನ್‌ಬಾಲ್ ಟೂರ್ ಶುರು ಮಾಡಿದ ಮೇಲೆ ಮೇಲಿನ ದರ್ಜೆಯವರ ವರ್ಷ ಪೂರ್ತಿ ತುಂಬಿಹೋಗಿದೆ. ಅಲ್ಲಿ ರ‍್ಯಾಂಕಿಂಗ್ ಇದೆ. ರ‍್ಯಾಂಕಿಂಗ್ ಇದ್ದರೆ ಮೊಸ್ಕೋನಿ ಕಪ್‌ನಂಥ ತಂಡದ ಪಂದ್ಯಕ್ಕೆ ಹತ್ತಿರವಾಗಬಹುದು. ಸ್ಟ್ರೇಟ್ ಪೂಲ್ ಟೂರ್ನಿ ಗೆದ್ದರೆ ಆ ಅಂಕ ಸಿಗುವುದಿಲ್ಲ. ಎರಡರ ದಿನಾಂಕ ಡಿಕ್ಕಿ ಹೊಡೆದರೆ ಯಾರು ಎಲ್ಲಿಗೆ ಹೋಗ್ತಾರೆ ಅಂತ ಬೇರೆ ಹೇಳಬೇಕಾ?

ಆದರೆ ಬರೀ ಡಿಕ್ಕಿ ನೋಡಿದರೆ ಸಾಲದು. ಮೂರು ಬಗೆಯ ವಾರಗಳನ್ನು ಗುರುತು ಮಾಡಿ.

ನಿಮ್ಮ ಟೂರ್ನಿಯ ದಿನಗಳಲ್ಲೇ ಇನ್ನೊಂದು ದೊಡ್ಡ ಟೂರ್ನಿ ಇದ್ದರೆ, ಅಲ್ಲಿಗೆ ಹೋಗುವವರನ್ನೆಲ್ಲ ಅಳಿಸಿ. ಮರುಮಾತಿಲ್ಲ.

ಹಿಂದಿನ ವಾರ ಅಥವಾ ಮುಂದಿನ ವಾರ ಅದೇ ಖಂಡದಲ್ಲಿ ದೊಡ್ಡ ಟೂರ್ನಿ ಇದ್ದರೆ, ಹೊರದೇಶದ ಆಟಗಾರರ ಸಾಧ್ಯತೆ ಏರಿಸಿ. ಒಂದೇ ವಿಮಾನದ ಟಿಕೆಟ್‌ನಲ್ಲಿ ಎರಡು ಟೂರ್ನಿ ಮುಗಿಯುತ್ತದೆ. ಫಿಲಿಪೀನ್ಸ್‌ನ ಆಟಗಾರರು ಅಮೆರಿಕಕ್ಕೆ ಬಂದರೆ ಸಾಮಾನ್ಯವಾಗಿ ಒಂದೇ ಟೂರ್ನಿಗೆ ಬರುವುದಿಲ್ಲ, ವಾರಗಟ್ಟಲೆ ಉಳಿದು ಹಲವು ಕಡೆ ಆಡಿ ಹೋಗುತ್ತಾರೆ. ಅಂಥ ಪ್ರವಾಸದ ನಡುವೆ ನಿಮ್ಮ ಟೂರ್ನಿ ಬಿದ್ದರೆ ಅದೃಷ್ಟ.

ಮುಂದಿನ ವಾರ ಬೇರೆ ಖಂಡದಲ್ಲಿ ದೊಡ್ಡ ಟೂರ್ನಿ ಇದ್ದರೆ ಹುಷಾರಾಗಿರಿ. ಹೆಸರು ಕೊಟ್ಟು ಕೊನೆಯಲ್ಲಿ ಹಿಂತೆಗೆಯುವವರು ಹುಟ್ಟಿಕೊಳ್ಳುವುದು ಇಂಥ ವಾರದಲ್ಲೇ. ಅಟ್ಲಾಂಟಿಕ್ ದಾಟಿ ಹೊಸ ಸಮಯಕ್ಕೆ ಒಗ್ಗಿಕೊಳ್ಳಲು ಎರಡು ಮೂರು ದಿನ ಬೇಕು, ಅದನ್ನು ಯಾರೂ ಕಳೆದುಕೊಳ್ಳಲು ಇಷ್ಟಪಡಲ್ಲ.

ಹಂತ 4: ದುಡ್ಡಿನ ಲೆಕ್ಕವನ್ನು ಆಟಗಾರನ ಕಡೆಯಿಂದ ಮಾಡಿ

ಪೋಸ್ಟರ್ ಮೇಲೆ ದೊಡ್ಡದಾಗಿ ಬರೆದ ಬಹುಮಾನದ ಮೊತ್ತ ನೋಡಿ ಮೋಸ ಹೋಗಬೇಡಿ. ಅದರ ಕೆಳಗಿನ ಚಿಕ್ಕ ಅಕ್ಷರ ಓದಿ. ಮೊತ್ತ ಖಾತರಿಯದ್ದೋ, ಇಲ್ಲ ಕಣ ಪೂರ್ತಿ ತುಂಬಿದರೆ ಮಾತ್ರವೋ? ಇದು ದೊಡ್ಡ ವ್ಯತ್ಯಾಸ. ಉದಾಹರಣೆಗೆ 64 ಜನ, ತಲಾ 500 ಡಾಲರ್ ಫೀ, ಸಂಘಟಕರು ಸೇರಿಸುವುದು 20,000 ಡಾಲರ್ ಅಂದುಕೊಳ್ಳಿ. ಒಟ್ಟು 52,000. ಆದರೆ ಬಂದವರು 40 ಜನ ಮಾತ್ರ ಅಂದರೆ ಫೀಯಿಂದ ಬರುವುದು 20,000, ಒಟ್ಟು 40,000. ಅನುಭವ ಇರುವ ವೃತ್ತಿಪರ ಆಟಗಾರ ಈ ಎರಡನೇ ಲೆಕ್ಕವನ್ನೇ ಹಾಕುತ್ತಾನೆ. ಸೇರಿಸುವ ಹಣ ಎಷ್ಟು ಅನ್ನುವುದೇ ಅವನಿಗೆ ಮುಖ್ಯ. ಉಳಿದದ್ದು ಅವರವರ ದುಡ್ಡು ಅವರವರಲ್ಲೇ ಓಡಾಡುವುದು.

ಈಗ ಖರ್ಚು. ಯುರೋಪಿನಿಂದ ಬರುವ ಒಬ್ಬರನ್ನು ಊಹಿಸಿಕೊಳ್ಳಿ. ಫೀ 500, ವಿಮಾನ 900, ಆರು ರಾತ್ರಿಯ ಹೋಟೆಲ್ 720, ಊಟ ಓಡಾಟ 300. ಒಟ್ಟು 2,420 ಡಾಲರ್. ಅಂಕಿಗಳು ಉದಾಹರಣೆಗೆ ಮಾತ್ರ, ನಿಮ್ಮ ಟೂರ್ನಿಗೆ ತಕ್ಕಂತೆ ಬದಲಿಸಿ. ಬಹುಮಾನದ ಹಂಚಿಕೆ ಪಟ್ಟಿ ತೆಗೆದು ನೋಡಿ. ಎಷ್ಟನೇ ಸ್ಥಾನ ಬಂದರೆ ಈ 2,420 ವಾಪಸ್ ಬರುತ್ತದೆ? ಎಂಟರ ಘಟ್ಟ ತಲುಪಿದರೆ ಮಾತ್ರ ಅಂತಾದರೆ, ಎಂಟರ ಘಟ್ಟ ತಲುಪುವ ನಂಬಿಕೆ ಇರುವವರು ಮಾತ್ರ ಬರುತ್ತಾರೆ. ಹದಿನಾರರ ಘಟ್ಟದಲ್ಲೇ ಖರ್ಚು ಹುಟ್ಟಿದರೆ ಕಣ ಅಗಲವಾಗುತ್ತದೆ. ಮೊದಲ ಬಹುಮಾನ ಎಷ್ಟು ಅನ್ನುವುದಕ್ಕಿಂತ ಒಂಬತ್ತನೇ ಸ್ಥಾನಕ್ಕೆ ಎಷ್ಟು ಅನ್ನುವುದು ಕಣದ ಗಾತ್ರವನ್ನು ಜಾಸ್ತಿ ಹೇಳುತ್ತದೆ ಅನ್ನುವುದು ನನ್ನ ನಂಬಿಕೆ.

ಕೆಲವರ ಖರ್ಚನ್ನು ಬೇರೆಯವರು ಹೊರುತ್ತಾರೆ. ಕ್ಯೂ ತಯಾರಕರು, ಟೇಬಲ್ ಕಂಪನಿಗಳು, ಗೆದ್ದರೆ ಪಾಲು ತಗೊಳ್ಳುವ ಹಣವಂತರು. ಇಂಥವರಿಗೆ ಮೇಲಿನ ಲೆಕ್ಕ ಅನ್ವಯಿಸುವುದಿಲ್ಲ. ಟೂರ್ನಿಯ ಪ್ರಾಯೋಜಕ ಕಂಪನಿಯ ಕ್ಯೂ ಹಿಡಿದು ಆಡುವ ಆಟಗಾರರು ಯಾರು ಅಂತ ನೋಡಿಕೊಳ್ಳಿ. ಅವರ ಸಾಧ್ಯತೆಯನ್ನು ಎರಡು ಮೆಟ್ಟಿಲು ಏರಿಸಬಹುದು.

ಹಂತ 5: ಊರು ಮತ್ತು ವೀಸಾ

ಟೂರ್ನಿ ಅಮೆರಿಕದಲ್ಲಾದರೆ ಪಾಸ್‌ಪೋರ್ಟ್ ಯಾವ ದೇಶದ್ದು ಅನ್ನುವುದೂ ಲೆಕ್ಕಕ್ಕೆ ಬರುತ್ತದೆ. ಜರ್ಮನಿ, ಆಸ್ಟ್ರಿಯಾ, ನೆದರ್‌ಲ್ಯಾಂಡ್ಸ್, ಬ್ರಿಟನ್, ಜಪಾನ್, ತೈವಾನ್ ಪ್ರಜೆಗಳಿಗೆ ವೀಸಾ ವಿನಾಯಿತಿ ಇದೆ. ಪೋಲೆಂಡ್ 2019ರಲ್ಲಿ ಆ ಪಟ್ಟಿಗೆ ಸೇರಿತು. ಇಂಥವರು ಕೊನೇ ವಾರದಲ್ಲೂ ಮನಸ್ಸು ಮಾಡಿ ಹೊರಡಬಹುದು. ಫಿಲಿಪೀನ್ಸ್‌ನವರಿಗೆ ಆ ಸೌಲಭ್ಯ ಇಲ್ಲ. ವೀಸಾ ಕೈಯಲ್ಲಿದೆಯಾ ಅನ್ನುವುದೇ ಅವರ ವಿಷಯದಲ್ಲಿ ಮೊದಲ ಪ್ರಶ್ನೆ. ಈ ವರ್ಷವೇ ಅಮೆರಿಕದಲ್ಲಿ ಇನ್ನೊಂದು ಟೂರ್ನಿ ಆಡಿದ್ದರೆ ಉತ್ತರ ಸಿಕ್ಕಂತೆಯೇ.

ಹೊರದೇಶದ ಆಟಗಾರ ಅಂತ ಬರೆದ ಎಲ್ಲರೂ ಹೊರಗೇ ಇರುತ್ತಾರೆ ಅಂತಲೂ ಅಲ್ಲ. ಸ್ಕಾಟ್ಲೆಂಡ್‌ನ ಜೇಸನ್ ಶಾ ಬಹುಕಾಲದಿಂದ ಅಮೆರಿಕದಲ್ಲೇ ನೆಲೆ ಮಾಡಿಕೊಂಡವರು. ಹೆಸರಿನ ಪಕ್ಕದ ಬಾವುಟ ಬಿಡಿ, ಈಗ ಮನೆ ಎಲ್ಲಿ ಅಂತ ವಿಚಾರಿಸಿ.

ಹಂತ 6: ಕಣದ ಗಾತ್ರವನ್ನು ಟೇಬಲ್‌ಗಳಿಂದ ಲೆಕ್ಕ ಹಾಕಿ

ಎಷ್ಟು ಜನಕ್ಕೆ ಜಾಗ ಇದೆ ಅಂತ ಸಂಘಟಕರು ಹೇಳದಿದ್ದರೂ ನೀವೇ ಕಂಡುಹಿಡಿಯಬಹುದು. ಸ್ಟ್ರೇಟ್ ಪೂಲ್ ನಿಧಾನದ ಆಟ. 100 ಅಂಕದ ಒಂದು ಪಂದ್ಯಕ್ಕೆ ಸರಾಸರಿ ಎರಡು ಗಂಟೆ ಇಟ್ಟುಕೊಳ್ಳಿ. ದಿನಕ್ಕೆ ಹತ್ತು ಗಂಟೆ ಆಟ ಅಂದರೆ ಒಂದು ಟೇಬಲ್‌ನಲ್ಲಿ ಐದು ಪಂದ್ಯ.

48 ಜನ, ಆರಾರು ಜನರ ಎಂಟು ಗುಂಪು, ಗುಂಪಿನೊಳಗೆ ಎಲ್ಲರೂ ಎಲ್ಲರ ಜತೆ ಆಡುವುದು. ಒಂದು ಗುಂಪಿಗೆ 15 ಪಂದ್ಯ, ಒಟ್ಟು 120. ಎಂಟು ಟೇಬಲ್ ಇದ್ದರೆ ದಿನಕ್ಕೆ 40 ಪಂದ್ಯ, ಮೂರು ದಿನಕ್ಕೆ ಮುಗಿಯುತ್ತದೆ. ಅದೇ 64 ಜನ, ಎಂಟೆಂಟು ಜನರ ಎಂಟು ಗುಂಪು ಅಂತಾದರೆ ಒಂದು ಗುಂಪಿಗೆ 28, ಒಟ್ಟು 224 ಪಂದ್ಯ. ಅದೇ ಎಂಟು ಟೇಬಲ್‌ನಲ್ಲಿ ಗುಂಪು ಹಂತಕ್ಕೇ ಐದೂವರೆ ದಿನಕ್ಕೂ ಹೆಚ್ಚು ಬೇಕು. ಟೂರ್ನಿಯೇ ಐದು ದಿನದ್ದಾದರೆ ಇದು ಆಗದ ಮಾತು. ಒಂದೋ ಟೇಬಲ್ ಹದಿನಾರು ಇರಬೇಕು, ಇಲ್ಲವೇ ಕಣ ಚಿಕ್ಕದಿರಬೇಕು. ಟೂರ್ನಿ ನಡೆಯುವ ಹಾಲ್‌ನಲ್ಲಿ ಒಂಬತ್ತಡಿಯ ಟೇಬಲ್ ಎಷ್ಟಿದೆ ಅಂತ ಗೊತ್ತಾದರೆ ಸಾಕು, ಸಂಘಟಕರ ಮಾತು ಎಷ್ಟು ಗಟ್ಟಿ ಅಂತಲೂ ಗೊತ್ತಾಗುತ್ತದೆ.

ದಿನಗಳು ಹೆಚ್ಚಾದಷ್ಟೂ ಕೆಲಸಕ್ಕೆ ರಜೆ ಹಾಕಿ ಬರುವ ಹವ್ಯಾಸಿಗಳು ಕಮ್ಮಿಯಾಗುತ್ತಾರೆ. ಆದರೆ ಗುಂಪು ಹಂತ ಇದ್ದರೆ ಅವರಿಗೆ ಆಸೆಯೂ ಜಾಸ್ತಿ. ಒಂದು ಸೋಲಿಗೆ ಮನೆಗೆ ಹೋಗಬೇಕಾಗಿಲ್ಲ, ಐದಾರು ಪಂದ್ಯ ಖಾತರಿ. ದೊಡ್ಡ ಚಾಂಪಿಯನ್ ಎದುರು ಒಂದು ಪಂದ್ಯ ಆಡಿದೆ ಅಂತ ಹೇಳಿಕೊಳ್ಳಲು ಫೀ ಕಟ್ಟುವವರೂ ಇದ್ದಾರೆ. ಅದರಲ್ಲಿ ತಪ್ಪೇನಿದೆ? ನೇರ ನಾಕೌಟ್ ಟೂರ್ನಿಗೆ ಈ ಆಕರ್ಷಣೆ ಇಲ್ಲ.

ಹಂತ 7: ಪ್ರತಿ ಹೆಸರಿಗೂ ಶೇಕಡಾ ಕೊಡಿ

ಬರುತ್ತಾರೆ, ಬರುವುದಿಲ್ಲ ಅಂತ ಎರಡೇ ಖಾನೆ ಮಾಡಿದರೆ ಪಟ್ಟಿ ಸದಾ ತಪ್ಪುತ್ತದೆ. ಪ್ರತಿಯೊಬ್ಬರಿಗೂ ಸಾಧ್ಯತೆ ಬರೆಯಿರಿ. ಸುಲಭಕ್ಕೆ ಮೂರು ದರ್ಜೆ ಸಾಕು. ಹೆಸರು ನೋಂದಾಯಿಸಿ ಫೀ ಕಟ್ಟಿದವರಿಗೆ ಶೇ 90. ಹಿಂದೆ ಬಂದಿದ್ದಾರೆ, ಕ್ಯಾಲೆಂಡರ್ ಖಾಲಿ ಇದೆ, ಆದರೆ ಇನ್ನೂ ಬಾಯಿ ಬಿಟ್ಟಿಲ್ಲ ಅನ್ನುವವರಿಗೆ ಶೇ 50. ಬಂದರೆ ಬಂದಾರು ಅನ್ನುವವರಿಗೆ ಶೇ 20.

ಮೊದಲ ದರ್ಜೆಯಲ್ಲಿ 12, ಎರಡನೆಯದರಲ್ಲಿ 10, ಮೂರನೆಯದರಲ್ಲಿ 15 ವೃತ್ತಿಪರರು ಇದ್ದಾರೆ ಅಂದುಕೊಳ್ಳಿ. 10.8, 5, 3 ಕೂಡಿಸಿದರೆ 18.8. ಅಂದರೆ ಸುಮಾರು 19 ವೃತ್ತಿಪರರು ಬರುತ್ತಾರೆ ಅಂತ ಅಂದಾಜು. ಯಾವ 19 ಅಂತ ಹೇಳಲಾಗದಿದ್ದರೂ ಸಂಖ್ಯೆ ಸರಿಯಾಗಿ ಬರುವ ಸಂಭವ ಜಾಸ್ತಿ. ಕಣದ ಮಟ್ಟ ತಿಳಿಯಲು ಬಹಳ ಸಲ ಸಂಖ್ಯೆಯೇ ಸಾಕು.

ಫೀ ಕಟ್ಟಿದವರಿಗೂ ಶೇ 100 ಯಾಕೆ ಇಲ್ಲ ಅಂದರೆ, ಫೀ ವಾಪಸ್ ಸಿಗುವ ಕೊನೆಯ ದಿನ ಅಂತ ಒಂದಿರುತ್ತದೆ. ಆ ದಿನದ ಹಿಂದಿನ ಪಟ್ಟಿ ಬೇರೆ, ಮರುದಿನದ ಪಟ್ಟಿ ಬೇರೆ. ಸಂಘಟಕರು ಜಾಹೀರಾತಿಗೆ ಹಾಕುವ ಫೋಟೋಗಳನ್ನೂ ಹಾಗೇ ನಂಬಬೇಡಿ. ಫೋನಿನಲ್ಲಿ ನೋಡೋಣ ಅಂದವರ ಫೋಟೋ ಕೂಡ ಪೋಸ್ಟರ್ ಮೇಲೆ ಬಂದುಬಿಡುತ್ತದೆ.

ಹಂತ 8: ಬಂದವರ ಬಲವನ್ನು ಈ ಆಟದ ಅಳತೆಯಲ್ಲೇ ಅಳೆಯಿರಿ

ಈಗ ಎರಡನೇ ಪಟ್ಟಿ. ಪೂಲ್ ಆಟಗಾರರ ಬಲಕ್ಕೆ ಅಂಕ ಕೊಡುವ ಫಾರ್ಗೋ ರೇಟಿಂಗ್ ಕೈಗೆ ಸಿಗುತ್ತದೆ, ಉಪಯೋಗಿಸಿ. ಅದರಲ್ಲಿ 100 ಅಂಕದ ವ್ಯತ್ಯಾಸ ಅಂದರೆ ಮೇಲಿನವರು ಎರಡು ಗೇಮ್ ಗೆಲ್ಲುವ ಹೊತ್ತಿಗೆ ಕೆಳಗಿನವರು ಒಂದು ಗೆಲ್ಲುತ್ತಾರೆ ಅಂತ ಅರ್ಥ. 800 ದಾಟಿದವರು ವಿಶ್ವದರ್ಜೆಯವರು. ಆದರೆ ಆ ರೇಟಿಂಗ್ ಹುಟ್ಟುವುದು ಎಂಟು, ಒಂಬತ್ತು, ಹತ್ತು ಬಾಲ್ ಆಟಗಳಿಂದ. ಅಲ್ಲಿ ಬಲವಾದ ಬ್ರೇಕ್‌ಗೆ, ಅಂದರೆ ಬಾಲ್‌ಗಳ ಗುಂಪನ್ನು ಒಡೆಯುವ ಮೊದಲ ಹೊಡೆತಕ್ಕೆ, ಬೆಲೆ ಇದೆ. ಇಲ್ಲಿ ಆರಂಭದ ಬ್ರೇಕ್ ಅಂದರೆ ಮೆಲ್ಲಗೆ ತಾಗಿಸಿ ಕ್ಯೂ ಬಾಲನ್ನು ದೂರ ಬಚ್ಚಿಡುವ ಸೇಫ್ಟಿ. ಅದರಲ್ಲಿ ನಿಯಮ ತಪ್ಪಿದರೆ ಎರಡು ಅಂಕ ಹೋಗುತ್ತದೆ. ಸತತ ಮೂರು ಫೌಲ್ ಮಾಡಿದರೆ ಮಾಮೂಲಿ ದಂಡದ ಜತೆ ಇನ್ನೂ 15 ಅಂಕ ಕಡಿತ. ನೈನ್‌ಬಾಲ್‌ನ ಹುಲಿಗಳು ಈ ಸೇಫ್ಟಿ ಯುದ್ಧದಲ್ಲಿ ತಡವರಿಸುವುದನ್ನು ನೋಡುವುದೇ ಒಂದು ಮಜಾ.

ಹಾಗಾದರೆ ಏನು ನೋಡಬೇಕು? ಒಂದು ಸರದಿಗೆ ಎಷ್ಟು ಅಂಕ ಅನ್ನುವ ಸರಾಸರಿ ಮೊದಲು. ಒಟ್ಟು ಅಂಕವನ್ನು ಒಟ್ಟು ಸರದಿಯಿಂದ ಭಾಗಿಸಿದರೆ ಸಿಗುತ್ತದೆ. ಸೇಫ್ಟಿ ಆಡಿದ ಸರದಿಯೂ ಇದರಲ್ಲಿ ಸೇರುವುದರಿಂದ ಎಚ್ಚರಿಕೆಯ ಆಟಗಾರರ ಸರಾಸರಿ ಸ್ವಲ್ಪ ಕೆಳಗೆ ಕಾಣುತ್ತದೆ. ಅದನ್ನು ದೌರ್ಬಲ್ಯ ಅಂದುಕೊಳ್ಳಬೇಡಿ.

ಆಮೇಲೆ ಹೈ ರನ್. ಇದು ಎಲ್ಲರನ್ನೂ ಮರುಳು ಮಾಡುವ ಅಂಕಿ. ಮೊಸ್ಕೋನಿ 1954ರಲ್ಲಿ ಒಹಾಯೋದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ 526 ಮಾಡಿದ್ದರು, ಅದೂ ಎಂಟಡಿಯ ಟೇಬಲ್ ಮೇಲೆ. 2019ರಲ್ಲಿ ಜಾನ್ ಶ್ಮಿಟ್ 626 ಮಾಡಿ ಅದನ್ನು ದಾಟಿದರು. 2022ರಲ್ಲಿ ಜೇಸನ್ ಶಾ 714ಕ್ಕೆ ಹೋದರು. ಅದ್ಭುತವೇ. ಆದರೆ ಶ್ಮಿಟ್, ಶಾ ಅವರ ರನ್‌ಗಳು ದಿನಗಟ್ಟಲೆ ಮತ್ತೆ ಮತ್ತೆ ಪ್ರಯತ್ನಿಸಿ ಸಾಧಿಸಿದವು, ಎದುರಾಳಿಯೇ ಇಲ್ಲದೆ. ಟೂರ್ನಿಯಲ್ಲಿ ತಣ್ಣಗೆ ಕೂತು ಅರ್ಧ ಗಂಟೆ ಕಾದು, ಎದ್ದು ಕಷ್ಟದ ಬಾಲ್ ಹಾಕಬೇಕು. ಆದ್ದರಿಂದ ಪಂದ್ಯದಲ್ಲಿ ಮಾಡಿದ ನೂರರ ರನ್‌ಗಳು ಎಷ್ಟು ಅಂತ ನೋಡಿ. ಅಭ್ಯಾಸದಲ್ಲಿ ಮಾಡಿದ 300ಕ್ಕಿಂತ ಪಂದ್ಯದ ಮೂರು ನೂರುಗಳು ನನಗೆ ಹೆಚ್ಚು ಹೇಳುತ್ತವೆ.

ಸ್ವಲ್ಪ ಗಣಿತ ಮಾಡೋಣ. ಒಬ್ಬರು ಪ್ರತಿ ಬಾಲನ್ನೂ ಹಾಕಿ ಮುಂದಿನದಕ್ಕೆ ಜಾಗ ಹಿಡಿಯುವ ಸಾಧ್ಯತೆ ಶೇ 97 ಅಂದುಕೊಳ್ಳಿ. ಸತತ 100 ಹಾಕುವ ಸಾಧ್ಯತೆ ಶೇ 5ಕ್ಕಿಂತ ಕಮ್ಮಿ. ಶೇ 98 ಆದರೆ ಅದು ಶೇ 13. ಶೇ 99 ಆದರೆ ಶೇ 37ರ ಹತ್ತಿರ. ನೋಡಿ, ಒಂದೊಂದೇ ಅಂಶ ಏರಿದರೆ ಫಲ ಎಷ್ಟು ಜಿಗಿಯುತ್ತದೆ! ಈಗ ಗುರಿಯನ್ನು 150ಕ್ಕೆ ಏರಿಸಿ. ಶೇ 97ರವರಿಗೆ ಶೇ 1, ಶೇ 98ರವರಿಗೆ ಶೇ 5, ಶೇ 99ರವರಿಗೆ ಶೇ 22. ನಿಜವಾದ ಟೇಬಲ್‌ನಲ್ಲಿ ಎಲ್ಲ ಬಾಲೂ ಒಂದೇ ಕಷ್ಟದ್ದಲ್ಲ, ಬ್ರೇಕ್ ಬಾಲ್ ಹೆಚ್ಚು ಅಪಾಯದ್ದು. ಆದರೂ ವಿಷಯ ಇಷ್ಟೇ. ಪಂದ್ಯ ಉದ್ದವಾದಷ್ಟೂ ಬಲಿಷ್ಠರಿಗೆ ಲಾಭ. ನಿಮ್ಮ ಟೂರ್ನಿಯ ಗುಂಪು ಹಂತ 100ರದ್ದು, ನಾಕೌಟ್ 150 ಅಥವಾ 200ರದ್ದು ಅಂತಾದರೆ, ಅಚ್ಚರಿಗಳೆಲ್ಲ ಗುಂಪು ಹಂತದಲ್ಲೇ ಆಗುತ್ತವೆ ಅಂತ ಬರೆದುಕೊಳ್ಳಿ.

ಉದ್ದದ ಪಂದ್ಯವೂ ಒಂದೇ ಸರದಿಯಲ್ಲಿ ಮುಗಿಯಬಹುದು ಅನ್ನುವುದು ಬೇರೆ ಮಾತು. 1966ರ ಯುಎಸ್ ಓಪನ್ ಫೈನಲ್‌ನಲ್ಲಿ ಜೋ ಬಾಲ್ಸಿಸ್ ಎದುರು ಇರ್ವಿಂಗ್ ಕ್ರೇನ್ ಒಂದೇ ಸರದಿಯಲ್ಲಿ 150 ಹಾಕಿ ಆಟ ಮುಗಿಸಿದರು.

ಪಾಕೆಟ್ ಅಗಲವನ್ನೂ ಕೇಳಿ ತಿಳಿದುಕೊಳ್ಳಿ. ನಾಲ್ಕೂವರೆ ಇಂಚಿನ ಪಾಕೆಟ್‌ನಲ್ಲಿ ಲಯ ಹಿಡಿದು ವೇಗವಾಗಿ ಆಡುವವರು ಮೇಲುಗೈ. ನಾಲ್ಕೂಕಾಲು ಇಂಚಿಗೆ ಇಳಿಸಿದರೆ ಗುರಿಯ ನಿಖರತೆ ಮುಂದೆ ಬರುತ್ತದೆ. ಆಗ ನೈನ್‌ಬಾಲ್‌ನ ಯುವಕರಿಗೂ ಹಳೆಯ ಸ್ಟ್ರೇಟ್ ಪೂಲ್ ಪರಿಣತರಿಗೂ ಇರುವ ಅಂತರ ಕಡಿಮೆಯಾಗುತ್ತದೆ.

ಇನ್ನು, ಈ ಆಟದಲ್ಲೇ ಬೆಳೆದವರು ಮಾತ್ರ ಗೆಲ್ಲುತ್ತಾರೆ ಅಂತ ಗೆರೆ ಎಳೆಯಬೇಡಿ. ಎರಡು ಸಲ ಗೆದ್ದ ಆಪಲ್ಟನ್ ಮೂಲತಃ ಇಂಗ್ಲಿಷ್ ಎಂಟು ಬಾಲ್ ಪೂಲ್‌ನಿಂದ ಬಂದವರು. ಚಿಕ್ಕ ಟೇಬಲ್, ಚಿಕ್ಕ ಪಾಕೆಟ್, ಗುಂಪು ಕಟ್ಟಿಕೊಂಡ ಬಾಲ್‌ಗಳನ್ನು ಬಿಡಿಸುವ ಜಾಣ್ಮೆ. ಈ ಅಭ್ಯಾಸಗಳು ಇಲ್ಲಿ ಕೆಲಸಕ್ಕೆ ಬರುತ್ತವೆ. ಯಾರ ಹಿನ್ನೆಲೆಯಲ್ಲಿ ಬಾಲ್‌ಗಳ ಕ್ರಮ ಯೋಚಿಸುವ ಆಟ ಇದೆಯೋ ಅವರಿಗೆ ಒಂದೆರಡು ಅಂಕ ಜಾಸ್ತಿ ಕೊಡಿ. ಮಹಿಳೆಯರಲ್ಲಿ ಆಸ್ಟ್ರಿಯಾದ ಜ್ಯಾಸ್ಮಿನ್ ಔಶನ್ ಇಂಥವರು. ಯುರೋಪಿಯನ್ ಸ್ಟ್ರೇಟ್ ಪೂಲ್ ಪಟ್ಟವನ್ನು ಹಲವು ಸಲ ಗೆದ್ದವರು. ಓಪನ್ ಟೂರ್ನಿಗೆ ಅವರ ಹೆಸರು ಬಂದರೆ ಕೆಳಗಿನ ಸಾಲಿಗೆ ತಳ್ಳುವ ತಪ್ಪು ಮಾಡಬೇಡಿ.

ಹಂತ 9: ಎರಡು ಪಟ್ಟಿ ಜೋಡಿಸಿ, ಡ್ರಾ ದಿನದವರೆಗೆ ತಿದ್ದುತ್ತಿರಿ

ಒಂದು ಹಾಳೆಯಲ್ಲಿ ಹೆಸರು, ಬರುವ ಸಾಧ್ಯತೆ, ಈ ಆಟದ ಬಲ ಅಂತ ಮೂರು ಕಾಲಂ ಹಾಕಿ. ಬಲಕ್ಕೆ ಒಂದರಿಂದ ಐದರ ತನಕ ಅಂಕ ಸಾಕು, ಅದಕ್ಕಿಂತ ಸೂಕ್ಷ್ಮ ಬೇಡ. ಎರಡನ್ನೂ ಗುಣಿಸಿ ಬಂದದ್ದರ ಪ್ರಕಾರ ಮೇಲಿನಿಂದ ಕೆಳಗೆ ಜೋಡಿಸಿ. ಮೇಲಿನ ಎಂಟು ಹತ್ತು ಹೆಸರುಗಳ ಮೇಲೆ ಮಾತ್ರ ಓದು, ವಿಡಿಯೋ, ಹಳೆಯ ಸ್ಕೋರ್‌ಗಳಿಗೆ ಸಮಯ ಕೊಡಿ. ಉಳಿದವರನ್ನು ಗುಂಪಾಗಿ ನೋಡಿದರೆ ಸಾಕು.

ತಿದ್ದುವುದಕ್ಕೆ ನಾಲ್ಕು ದಿನ ಗೊತ್ತು ಮಾಡಿ. ನೋಂದಣಿ ತೆರೆದ ದಿನ, ಫೀ ವಾಪಸಾತಿ ಮುಗಿಯುವ ದಿನ, ಹಿಂದಿನ ವಾರದ ಟೂರ್ನಿಯ ಫೈನಲ್ ದಿನ, ಮತ್ತು ಆಟಗಾರರ ಸಭೆಯ ಹಿಂದಿನ ಸಂಜೆ. ನಡುವೆ ದಿನಾ ನೋಡಿ ತಲೆ ಕೆಡಿಸಿಕೊಳ್ಳುವ ಅಗತ್ಯವಿಲ್ಲ. ಹಿಂದಿನ ವಾರದ ಫೈನಲ್ ಯಾಕೆ ಅಂದರೆ, ಅಲ್ಲಿ ಭಾನುವಾರ ರಾತ್ರಿ ತನಕ ಆಡಿದವರು ಇಲ್ಲಿ ಸೋಮವಾರ ಬೆಳಿಗ್ಗೆ ಇರಲಾರರು. ಸಂಘಟಕರು ಅವರ ಮೊದಲ ಪಂದ್ಯವನ್ನು ಮುಂದೂಡುತ್ತಾರಾ ಅನ್ನುವುದು ಗೊತ್ತಿದ್ದರೆ ಇನ್ನೂ ಒಳ್ಳೆಯದು.

ಸೀಡಿಂಗ್ ಹೇಗೆ ಮಾಡುತ್ತಾರೆ ಅನ್ನುವುದನ್ನೂ ಮೊದಲೇ ಓದಿಡಿ. ಹಿಂದಿನ ವರ್ಷದ ಫಲಿತಾಂಶದ ಮೇಲೆ ಸೀಡ್ ಕೊಟ್ಟರೆ, ಮೊದಲ ಸಲ ಬರುವ ನೈನ್‌ಬಾಲ್ ಚಾಂಪಿಯನ್ ಸೀಡ್ ಇಲ್ಲದೆ ಯಾವುದೋ ಗುಂಪಿಗೆ ಬೀಳುತ್ತಾರೆ. ಆ ಗುಂಪು ತಕ್ಷಣ ಭಾರವಾಗುತ್ತದೆ. ಎಂಟು ಜನರಲ್ಲಿ ನಾಲ್ವರು ಮುಂದೆ ಹೋಗುವ ಕ್ರಮವಾದರೆ ಬಲಿಷ್ಠರು ಹೇಗೋ ದಾಟುತ್ತಾರೆ. ಆರರಲ್ಲಿ ಇಬ್ಬರೇ ಅಂದರೆ ಅಂಥ ಗುಂಪಿನಲ್ಲಿ ಒಬ್ಬ ದೊಡ್ಡ ಹೆಸರು ಮನೆಗೆ ಹೋಗುವುದು ಗ್ಯಾರಂಟಿ.

ಡ್ರಾ ಆದ ಮೇಲೂ ಯಾರಾದರೂ ಕೈಕೊಟ್ಟರೆ ಕಾಯುವ ಪಟ್ಟಿಯ ಸ್ಥಳೀಯ ಆಟಗಾರರು ಆ ಜಾಗಕ್ಕೆ ಬರುತ್ತಾರೆ. ಆಗ ಪೂರ್ತಿ ಹಾಳೆ ತಿದ್ದಬೇಡಿ. ಆ ಒಂದು ಗುಂಪನ್ನು, ಮತ್ತೆ ಆ ಗುಂಪಿನಿಂದ ಗೆದ್ದವರು ನಾಕೌಟ್‌ನಲ್ಲಿ ಎದುರಿಸುವ ಇನ್ನೊಂದು ಗುಂಪನ್ನು ಮಾತ್ರ ಹೊಸದಾಗಿ ಲೆಕ್ಕ ಹಾಕಿ.